ಬಡ್ಡಿ ಇಳಿಯುತ್ತಿರುವಾಗ ಕಾಫಿ ದುಡ್ಡನ್ನು ಎಲ್ಲಿಡುವುದು?

2025ರ ಫೆಬ್ರುವರಿಯಲ್ಲಿ ಕಾಫಿ ಬೆಳೆಗಾರರ ಪಾಲಿಗೆ ಎರಡು ಸಂಗತಿಗಳು ಒಟ್ಟೊಟ್ಟಿಗೆ ನಡೆದವು. ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಅರೇಬಿಕಾ ಕಾಫಿ ಪೌಂಡಿಗೆ ನಾಲ್ಕು ಡಾಲರ್ ದಾಟಿ, ಹಿಂದೆಂದೂ ಕಾಣದ ಬೆಲೆ ಮುಟ್ಟಿತು. ಆಲ್ದೂರು, ಮೂಡಿಗೆರೆ, ಬಾಳೆಹೊನ್ನೂರು, ಸಕಲೇಶಪುರದ ಕಡೆ ಪ್ರತಿವರ್ಷ ಸಾಲದ ಲೆಕ್ಕಕ್ಕೇ ಸಂದುಹೋಗುತ್ತಿದ್ದ ಹಣದಲ್ಲಿ ಈ ಸಲ ಸ್ವಲ್ಪ ಕೈಯಲ್ಲಿ ನಿಂತಿತು. ಅದೇ ತಿಂಗಳ 7ರಂದು ರಿಸರ್ವ್ ಬ್ಯಾಂಕ್ ತನ್ನ ರೆಪೊ ದರವನ್ನು ಶೇ 6.5ರಿಂದ 6.25ಕ್ಕೆ ಇಳಿಸಿತು. 2020ರ ಮೇ ನಂತರದ ಮೊದಲ ಇಳಿಕೆ ಅದು. ಏಪ್ರಿಲ್‌ನಲ್ಲಿ ಶೇ 6 ಆಯಿತು, ಜೂನ್‌ನಲ್ಲಿ ಒಂದೇ ಏಟಿಗೆ ಶೇ 5.5, ಡಿಸೆಂಬರ್‌ನಲ್ಲಿ ಶೇ 5.25.

ಆಗ ಒಂದು ವರ್ಷಕ್ಕೆಂದು ಠೇವಣಿ ಇಟ್ಟವರು ಅದರ ಅವಧಿ ಮುಗಿದಾಗ ಬ್ಯಾಂಕಿಗೆ ಹೋಗಿ, ಹೊಸ ದರದ ಪಟ್ಟಿ ನೋಡಿ ಮುಖ ಸಪ್ಪೆ ಮಾಡಿಕೊಂಡು ಬಂದರು. ನಿವೃತ್ತ ಮೇಷ್ಟರು, ಅಡಿಕೆ ಮಾರಿದ ತರೀಕೆರೆಯವರು, ಡೇರಿಯ ಹಾಲಿನ ಹಣವನ್ನು ಕೂಡಿಡುವ ಹಾಸನದ ಮಹಿಳೆಯರು, ಎಲ್ಲರ ಪ್ರಶ್ನೆಯೂ ಒಂದೇ: ಇರುವ ಹಣವನ್ನು ಈಗ ಎಲ್ಲಿಡುವುದು? ಉತ್ತರಕ್ಕೆ ಹೋಗುವ ಮುಂಚೆ ಬಡ್ಡಿ ಇಳಿಯುವ ಬಗೆ ಅರ್ಥವಾಗಬೇಕು. ಏಕೆಂದರೆ ಎಲ್ಲ ಹಣಕ್ಕೂ ಅದು ಒಂದೇ ರೀತಿ ತಟ್ಟುವುದಿಲ್ಲ.

ರೆಪೊ ಇಳಿದರೆ ನಮ್ಮ ಠೇವಣಿಗೆ ಏಕೆ ಪೆಟ್ಟು?

ಬ್ಯಾಂಕುಗಳು ತಮಗೆ ಅಲ್ಪಾವಧಿಗೆ ಹಣ ಬೇಕಾದಾಗ ಸರ್ಕಾರಿ ಸಾಲಪತ್ರಗಳನ್ನು ಒತ್ತೆಯಿಟ್ಟು ರಿಸರ್ವ್ ಬ್ಯಾಂಕಿನಿಂದ ಸಾಲ ಪಡೆಯುತ್ತವೆ. ಆ ಸಾಲದ ಬಡ್ಡಿಯೇ ರೆಪೊ ದರ. ಅಲ್ಲಿ ಹಣ ಅಗ್ಗವಾದರೆ ಜನರಿಂದ ದುಬಾರಿ ಬಡ್ಡಿಗೆ ಠೇವಣಿ ಸಂಗ್ರಹಿಸುವ ತುರ್ತು ಬ್ಯಾಂಕಿಗೆ ಕಡಿಮೆಯಾಗುತ್ತದೆ. ಇನ್ನೊಂದು ಕಾರಣವೂ ಇದೆ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹೊಸದಾಗಿ ಕೊಡುವ, ಬದಲಾಗುವ ಬಡ್ಡಿಯ ಗೃಹಸಾಲಗಳು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿವೆ. ರೆಪೊ ಇಳಿದ ಮೂರು ತಿಂಗಳೊಳಗೆ ಸಾಲಗಾರರಿಂದ ಬರುವ ಬಡ್ಡಿ ತಾನಾಗಿ ತಗ್ಗುತ್ತದೆ. ಆ ನಷ್ಟವನ್ನು ಸರಿದೂಗಿಸಲು ಬ್ಯಾಂಕು ಕೈಹಾಕುವುದು ಠೇವಣಿದಾರನ ಬಡ್ಡಿಗೆ.

ಇದರ ಜೊತೆಗೆ 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ನಗದು ಮೀಸಲು ಅನುಪಾತವನ್ನು ಶೇ 4ರಿಂದ 3ಕ್ಕೆ ಹಂತಹಂತವಾಗಿ ಇಳಿಸುವುದಾಗಿ ಹೇಳಿತು. ಬ್ಯಾಂಕು ತನ್ನಲ್ಲಿರುವ ಠೇವಣಿಯಲ್ಲಿ ಇಷ್ಟು ಪಾಲನ್ನು ಬಡ್ಡಿಯಿಲ್ಲದೆ ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕೆಂಬ ನಿಯಮ ಇದು. ಆ ಒಂದು ಪರ್ಸೆಂಟ್ ಸಡಿಲವಾದದ್ದರಿಂದ ಸುಮಾರು 2.5 ಲಕ್ಷ ಕೋಟಿ ರೂಪಾಯಿ ಬ್ಯಾಂಕುಗಳ ಕೈಗೆ ಮರಳಿತು. ಹಣ ತಾನಾಗಿ ಬಂದಾಗ ಠೇವಣಿಗಾಗಿ ಪೈಪೋಟಿ ಏಕೆ? 2024ರ ಕೊನೆಗೆ ದೊಡ್ಡ ಬ್ಯಾಂಕುಗಳಲ್ಲಿ ಶೇ 7ರ ಆಸುಪಾಸಿನಲ್ಲಿದ್ದ ಠೇವಣಿ ದರ ಒಂದು ವರ್ಷದಲ್ಲಿ ಶೇ 6ರಿಂದ 6.5ರ ನಡುವಿಗೆ ಬಂತು. ಭಾರತೀಯ ಸ್ಟೇಟ್ ಬ್ಯಾಂಕ್ ಉಳಿತಾಯ ಖಾತೆಗೆ ಕೊಡುವ ಬಡ್ಡಿ ಶೇ 2.5ಕ್ಕೆ ನಿಂತಿತು.

ಇಷ್ಟಕ್ಕೇ ಲೋಕ ಮುಳುಗಲಿಲ್ಲ ಎನ್ನಲು ಒಂದು ಕಾರಣವಿದೆ. ಬಡ್ಡಿಯನ್ನು ಬೆಲೆ ಏರಿಕೆಯೊಂದಿಗೆ ಇಟ್ಟು ನೋಡಬೇಕು. 2022ರ ಏಪ್ರಿಲ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 7.79 ಇತ್ತು, ದೊಡ್ಡ ಬ್ಯಾಂಕುಗಳ ಒಂದು ವರ್ಷದ ಠೇವಣಿಗೆ ಆಗ ಶೇ 5ರ ಆಸುಪಾಸು. ಬಡ್ಡಿ ಬರುತ್ತಿದ್ದರೂ ಹಣದ ಕೊಳ್ಳುವ ಶಕ್ತಿ ಸವೆಯುತ್ತಿತ್ತು, ಯಾರೂ ಅಷ್ಟಾಗಿ ಗಮನಿಸಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಅದೇ ಹಣದುಬ್ಬರ ಶೇ 0.25ಕ್ಕೆ ಕುಸಿದಿತ್ತು. ಆಗ ಸಿಗುತ್ತಿದ್ದ ಶೇ 6 ಬಡ್ಡಿಯಲ್ಲಿ ಹೆಚ್ಚಿನ ಪಾಲು ನಿಜವಾದ ಗಳಿಕೆಯೇ. ಬೆಲೆಗಳು ಮತ್ತೆ ಏರಿದರೆ ಈ ಲೆಕ್ಕ ತಿರುಗುಮುರುಗಾಗುತ್ತದೆ. ಮನೆಯ ಆಸ್ಪತ್ರೆ ಖರ್ಚು, ಮಕ್ಕಳ ಶುಲ್ಕ ಸರ್ಕಾರದ ಸರಾಸರಿಗೆ ತಕ್ಕಂತೆ ಏರುವುದಿಲ್ಲ ಎಂಬುದೂ ಗೊತ್ತಿರುವ ಮಾತೇ.

ರಸೀದಿಯನ್ನೊಮ್ಮೆ ತೆಗೆದು ನೋಡಿ

ಬೀರುವಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟ ಠೇವಣಿ ರಸೀದಿಯನ್ನು ಹೊರತೆಗೆಯಿರಿ. ಎಲ್ಲರ ಕಣ್ಣೂ ಮೊದಲು ಹೋಗುವುದು ಬಡ್ಡಿ ದರದ ಕಡೆಗೆ. ಇಳಿಕೆಯ ಕಾಲದಲ್ಲಿ ಅದಕ್ಕಿಂತ ಮುಖ್ಯವಾದ ಸಾಲು ಅವಧಿ ಮುಗಿಯುವ ದಿನಾಂಕ.

ನಿಶ್ಚಿತ ಠೇವಣಿಯ ದರ ಇಟ್ಟ ದಿನವೇ ಗಟ್ಟಿಯಾಗುತ್ತದೆ. 2024ರಲ್ಲಿ ಶೇ 7ಕ್ಕೆ ಮೂರು ವರ್ಷದ ಠೇವಣಿ ಇಟ್ಟವರಿಗೆ 2027ರವರೆಗೂ ಶೇ 7 ಬರುತ್ತದೆ. ನಡುವೆ ರೆಪೊ ಎಷ್ಟು ಸಲ ಇಳಿದರೂ ಅವರಿಗೆ ಸಂಬಂಧವಿಲ್ಲ. ಪೆಟ್ಟು ಬೀಳುವುದು ಅವಧಿ ಮುಗಿದು ಮತ್ತೆ ಇಡುವಾಗ. ಒಂದು ಲಕ್ಷ ರೂಪಾಯಿಗೆ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರಿಸುವ ಲೆಕ್ಕದಲ್ಲಿ ಶೇ 7ರಂತೆ ವರ್ಷಕ್ಕೆ 7,186 ರೂಪಾಯಿ, ಶೇ 6ರಂತೆ 6,136 ರೂಪಾಯಿ. ಸಾವಿರದ ಐವತ್ತು ರೂಪಾಯಿ ದೊಡ್ಡದೆನಿಸದಿರಬಹುದು. ಇಪ್ಪತ್ತು ಲಕ್ಷದ ಬಡ್ಡಿಯಲ್ಲೇ ಸಂಸಾರ ಸಾಗಿಸುವ ನಿವೃತ್ತರಿಗೆ ಅದು ವರ್ಷಕ್ಕೆ ಇಪ್ಪತ್ತೊಂದು ಸಾವಿರ, ಅಂದರೆ ಒಂದು ತಿಂಗಳ ಮನೆಖರ್ಚು.

ರಸೀದಿಯಲ್ಲಿ ಇನ್ನೊಂದು ಸಾಲಿರುತ್ತದೆ: ಅವಧಿ ಮುಗಿದಾಗ ಏನು ಮಾಡಬೇಕೆಂಬ ಸೂಚನೆ. ಬಹಳ ಮಂದಿಯ ಠೇವಣಿ ತಾನಾಗಿ ನವೀಕರಣವಾಗುವಂತೆ ಇರುತ್ತದೆ. ಬ್ಯಾಂಕು ಹಳೆಯ ಅವಧಿಗೇ, ಆ ದಿನದ ದರಕ್ಕೆ ಮತ್ತೆ ಕಟ್ಟಿಹಾಕುತ್ತದೆ. ಕೆಲವು ಬ್ಯಾಂಕುಗಳು 444 ದಿನದಂಥ ಬೆಸ ಅವಧಿಗೆ ತುಸು ಹೆಚ್ಚು ದರ ಕೊಡುತ್ತವೆ. ಆ ಯೋಜನೆ ಮುಗಿದಿದ್ದರೆ ನವೀಕರಣಕ್ಕೆ ಸಾಮಾನ್ಯ ದರವೇ ಗತಿ. ಆದ್ದರಿಂದ ಅವಧಿ ಮುಗಿಯುವ ವಾರ ಬ್ಯಾಂಕಿಗೆ ಖುದ್ದು ಹೋಗಿ ಆವತ್ತಿನ ಪಟ್ಟಿ ಕೇಳುವುದು ಲಾಭದ ಕೆಲಸ. ಅವಧಿಗೆ ಮುಂಚೆ ಮುರಿದರೆ ನಷ್ಟ ಎರಡು ಬಗೆ: ಹಣ ನಿಜವಾಗಿ ಎಷ್ಟು ದಿನ ಇತ್ತೋ ಆ ಅವಧಿಯ ದರವನ್ನಷ್ಟೇ ಕೊಡುತ್ತಾರೆ, ಅದರಲ್ಲೂ ಸಾಮಾನ್ಯವಾಗಿ ಅರ್ಧದಿಂದ ಒಂದು ಪರ್ಸೆಂಟ್ ದಂಡ ಹಿಡಿಯುತ್ತಾರೆ.

ನಾಮಿನಿಯ ಜಾಗ ಖಾಲಿ ಇದ್ದರೆ ಅದನ್ನೂ ಈಗಲೇ ತುಂಬಿಸಿ. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಿ, ಯಾರಿಗೆ ಎಷ್ಟು ಪಾಲೆಂದು ಬರೆಯಬಹುದು.

ದುಡ್ಡು ಯಾವಾಗ ಬೇಕು?

"ಯಾವ ಬ್ಯಾಂಕಿನಲ್ಲಿ ಬಡ್ಡಿ ಜಾಸ್ತಿ?" ಎಂದು ಕೇಳುವುದಕ್ಕೆ ಮುಂಚೆ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ತಿಂಗಳ ಸಂಬಳದವರಿಗೆ ಹೇಳುವ ಸಲಹೆ ಮಲೆನಾಡಿಗೆ ಹೊಂದುವುದಿಲ್ಲ. ಇಲ್ಲಿ ಹಣ ಬರುವುದು ವರ್ಷಕ್ಕೊಮ್ಮೆ, ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ಹೋಗುವುದು ವರ್ಷವಿಡೀ. ವಾರದ ಬಟವಾಡೆ ನಿಲ್ಲುವಂತಿಲ್ಲ. ಗಿಡ ಹೂಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಡೀಸೆಲ್ ಬೇಕು. ಮೇ ಕೊನೆಗೆ ರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆ ಮತ್ತು ಕಾಲೇಜಿನ ಶುಲ್ಕ ಒಟ್ಟಿಗೇ ಬರುತ್ತವೆ. ಮಳೆ ಬಿಟ್ಟ ಮೇಲೆ ಗೊಬ್ಬರ, ನವೆಂಬರ್ ಹೊತ್ತಿಗೆ ಕೊಯ್ಲಿನ ಕೂಲಿ.

ಹನ್ನೆರಡು ಲಕ್ಷ ಉಳಿದಿದೆ ಎಂದುಕೊಳ್ಳೋಣ. ಇಡೀ ಮೊತ್ತವನ್ನು ಒಂದೇ ರಸೀದಿಯಲ್ಲಿ ಐದು ವರ್ಷಕ್ಕೆ ಇಟ್ಟರೆ ಜೂನ್‌ನಲ್ಲೇ ಅದನ್ನು ಮುರಿಯಬೇಕಾಗಬಹುದು. ಎಲ್ಲವನ್ನೂ ಉಳಿತಾಯ ಖಾತೆಯಲ್ಲಿ ಬಿಟ್ಟರೆ ಶೇ 2.5. ಅರೇಬಿಕಾ ತೋಟದಲ್ಲಿ ಎಲ್ಲ ಹಣ್ಣನ್ನೂ ಒಂದೇ ಸಲ ಕೊಯ್ಯುವುದಿಲ್ಲವಲ್ಲ; ಮೊದಲು ಬೇಗ ಹಣ್ಣಾದದ್ದನ್ನಷ್ಟೇ ಆರಿಸುವ ಫ್ಲೈ ಪಿಕಿಂಗ್, ಆಮೇಲೆ ಮುಖ್ಯ ಕೊಯ್ಲು, ಕೊನೆಗೆ ಉಳಿದದ್ದು. ಠೇವಣಿಯನ್ನೂ ಹಾಗೆ ಬೇರೆಬೇರೆ ಸುತ್ತಿಗೆ ಹಣ್ಣಾಗುವಂತೆ ಹಂಚಬಹುದು. ಎರಡು ಲಕ್ಷ ಮಳೆಗಾಲದವರೆಗಿನ ಖರ್ಚಿಗೆ ಉಳಿತಾಯ ಖಾತೆಯಲ್ಲಿ. ಖಾತೆಯಲ್ಲಿನ ಹೆಚ್ಚುವರಿ ಹಣ ತಾನಾಗಿ ಠೇವಣಿಗೆ ಹರಿಯುವ ‘ಸ್ವೀಪ್’ ಸೌಲಭ್ಯ ಬ್ಯಾಂಕಿನಲ್ಲಿದ್ದರೆ ಇನ್ನೂ ಒಳ್ಳೆಯದು. ಎರಡು ಲಕ್ಷ ಸೆಪ್ಟೆಂಬರ್‌ಗೆ, ಎರಡು ಲಕ್ಷ ನವೆಂಬರ್‌ಗೆ ಕೈಸೇರುವ ಸಣ್ಣ ಅವಧಿಯ ಠೇವಣಿಗಳಲ್ಲಿ. ಉಳಿದ ಆರು ಲಕ್ಷವನ್ನು ಒಂದು, ಮೂರು ಮತ್ತು ಐದು ವರ್ಷದ ಮೂರು ರಸೀದಿಗಳಾಗಿ ಮಾಡಬಹುದು.

ಬಡ್ಡಿ ಇನ್ನೂ ಇಳಿದರೆ ಐದು ವರ್ಷದ ರಸೀದಿ ಹಳೆಯ ದರವನ್ನೇ ಕೊಡುತ್ತಿರುತ್ತದೆ. ಏರಿದರೆ ಒಂದು ವರ್ಷದ್ದು ಮುಗಿದು ಹೊಸ ದರಕ್ಕೆ ಹೋಗುತ್ತದೆ. ಮುಂದೆ ಏನಾಗುತ್ತದೆಂದು ಊಹಿಸುವ ಹೊಣೆ ತಪ್ಪುತ್ತದೆ. ಊಹೆ ಎಷ್ಟು ಕಷ್ಟ ಎಂಬುದಕ್ಕೆ ಹತ್ತಿರದ ಇತಿಹಾಸವೇ ಸಾಕ್ಷಿ: 2020ರ ಮೇನಲ್ಲಿ ಶೇ 4ಕ್ಕೆ ಬಂದಿದ್ದ ರೆಪೊ, 2022ರ ಮೇನಿಂದ ಒಂಬತ್ತೇ ತಿಂಗಳಲ್ಲಿ ಶೇ 6.5 ತಲುಪಿತ್ತು. ಬೇರೆಬೇರೆ ರಸೀದಿಯಿದ್ದರೆ ಅಡಚಣೆಯಾದಾಗ ಒಂದನ್ನಷ್ಟೇ ಮುರಿದರೆ ಸಾಕು. ಕೆಲವೇ ವಾರಗಳ ಅಗತ್ಯವಾದರೆ ಮುರಿಯುವುದೂ ಬೇಡ. ಠೇವಣಿಯ ಮೇಲೆ ಸಾಲ ಸಿಗುತ್ತದೆ, ಅದರ ಬಡ್ಡಿ ಸಾಮಾನ್ಯವಾಗಿ ಠೇವಣಿಯ ದರಕ್ಕಿಂತ ಒಂದೆರಡು ಪರ್ಸೆಂಟ್ ಹೆಚ್ಚು.

ಅಂಚೆ ಕಚೇರಿ ಏಕೆ ನೆನಪಾಗಬೇಕು?

ಸಣ್ಣ ಉಳಿತಾಯ ಯೋಜನೆಗಳ ದರವನ್ನು ನಿಗದಿ ಮಾಡುವುದು ಬ್ಯಾಂಕಲ್ಲ, ಕೇಂದ್ರ ಸರ್ಕಾರ. ಅದೂ ಮೂರು ತಿಂಗಳಿಗೊಮ್ಮೆ. 2025ರಲ್ಲಿ ರೆಪೊ ನಾಲ್ಕು ಸಲ ಇಳಿದರೂ ಸರ್ಕಾರ ಈ ದರಗಳನ್ನು ಮುಟ್ಟಲಿಲ್ಲ. ಹೀಗಾಗಿ ಬ್ಯಾಂಕಿಗೂ ಅಂಚೆ ಕಚೇರಿಗೂ ನಡುವೆ ಎದ್ದುಕಾಣುವ ಅಂತರ ಬಿತ್ತು. ಆ ವರ್ಷದುದ್ದಕ್ಕೂ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಶೇ 8.2, ರಾಷ್ಟ್ರೀಯ ಉಳಿತಾಯ ಪತ್ರಕ್ಕೆ 7.7, ಐದು ವರ್ಷದ ಅವಧಿ ಠೇವಣಿಗೆ 7.5, ಮಾಸಿಕ ಆದಾಯ ಯೋಜನೆಗೆ 7.4, ಸಾರ್ವಜನಿಕ ಭವಿಷ್ಯ ನಿಧಿಗೆ (ಪಿಪಿಎಫ್) 7.1, ಅಂಚೆ ಉಳಿತಾಯ ಖಾತೆಗೆ ಶೇ 4 ಇತ್ತು. ಹೋಗುವ ದಿನದ ದರವನ್ನು ಕೌಂಟರಿನಲ್ಲಿ ಕೇಳಿಕೊಳ್ಳಬೇಕು, ಯಾವ ತ್ರೈಮಾಸಿಕದಲ್ಲಾದರೂ ಬದಲಾಗಬಹುದು.

ಇಲ್ಲಿ ಒಂದು ಭೇದವನ್ನು ಗಮನಿಸದಿದ್ದರೆ ಲೆಕ್ಕ ತಪ್ಪುತ್ತದೆ. ಹಿರಿಯರ ಯೋಜನೆ, ಉಳಿತಾಯ ಪತ್ರ, ಅವಧಿ ಠೇವಣಿ, ಮಾಸಿಕ ಆದಾಯ, ಕಿಸಾನ್ ವಿಕಾಸ ಪತ್ರ ಇವುಗಳಲ್ಲಿ ಹಣ ಕಟ್ಟಿದ ದಿನದ ದರ ಪೂರ್ತಿ ಅವಧಿಗೆ ಗಟ್ಟಿ. ಪಿಪಿಎಫ್ ಮತ್ತು ಹೆಣ್ಣುಮಕ್ಕಳ ಹೆಸರಿನ ಸುಕನ್ಯಾ ಸಮೃದ್ಧಿ ಯೋಜನೆಯಲ್ಲಿ ಹಾಗಲ್ಲ. ಸರ್ಕಾರ ದರ ಇಳಿಸಿದರೆ ಹಳೆಯ ಹಣಕ್ಕೂ ಹೊಸ ದರವೇ ಅನ್ವಯ. ರಿಸರ್ವ್ ಬ್ಯಾಂಕಿನ ಏಳು ವರ್ಷದ ಬದಲಾಗುವ ಬಡ್ಡಿಯ ಬಾಂಡ್ ಕೂಡ ಹೀಗೆಯೇ. ಉಳಿತಾಯ ಪತ್ರದ ದರಕ್ಕಿಂತ ಶೇ 0.35 ಹೆಚ್ಚು ಕೊಡುವುದರಿಂದ ಶೇ 8.05 ಎಂದು ಆಕರ್ಷಕವಾಗಿ ಕಾಣುತ್ತದೆ, ಆದರೆ ಆರು ತಿಂಗಳಿಗೊಮ್ಮೆ ಪರಿಷ್ಕರಣೆ ಇದೆ.

ಅರವತ್ತು ದಾಟಿದವರಿಗೆ ಹಿರಿಯರ ಯೋಜನೆಯಷ್ಟು ನೇರವಾದ ಉತ್ತರ ಬೇರೆ ಸಿಗುವುದು ಕಷ್ಟ. ಒಬ್ಬರು ಗರಿಷ್ಠ 30 ಲಕ್ಷ ಇಡಬಹುದು, ಅವಧಿ ಐದು ವರ್ಷ, ಬಡ್ಡಿ ಮೂರು ತಿಂಗಳಿಗೊಮ್ಮೆ ಖಾತೆಗೆ ಬರುತ್ತದೆ. ಶೇ 8.2ರಂತೆ ಹತ್ತು ಲಕ್ಷಕ್ಕೆ ಪ್ರತಿ ತ್ರೈಮಾಸಿಕಕ್ಕೆ 20,500 ರೂಪಾಯಿ. ಒಂದು ವರ್ಷದೊಳಗೆ ಮುಚ್ಚಿದರೆ ಬಡ್ಡಿ ಇಲ್ಲ, ಎರಡು ವರ್ಷದೊಳಗಾದರೆ ಅಸಲಿನಲ್ಲಿ ಶೇ 1.5, ಆಮೇಲೆ ಶೇ 1 ಕಡಿತ. ಅರವತ್ತಾಗದವರಿಗೆ ತಿಂಗಳ ಖರ್ಚಿಗೆ ಹಣ ಬೇಕಿದ್ದರೆ ಮಾಸಿಕ ಆದಾಯ ಯೋಜನೆ ಇದೆ: ಒಬ್ಬರಿಗೆ ಒಂಬತ್ತು ಲಕ್ಷದ ಮಿತಿ, ಅಷ್ಟಕ್ಕೆ ಶೇ 7.4ರಂತೆ ತಿಂಗಳಿಗೆ 5,550 ರೂಪಾಯಿ. ಜಂಟಿ ಖಾತೆಗೆ ಮಿತಿ 15 ಲಕ್ಷ. ಅಂಚೆ ಕಚೇರಿಯಲ್ಲಿ ಸರದಿ, ಸರ್ವರ್ ಎಂಬ ಕಿರಿಕಿರಿಗಳಿರುತ್ತವೆ. ಹಿರಿಯರ ಯೋಜನೆ ಮತ್ತು ಪಿಪಿಎಫ್ ಅನ್ನು ಬ್ಯಾಂಕುಗಳಲ್ಲೂ ತೆರೆಯಬಹುದು.

ಹೆಚ್ಚು ಬಡ್ಡಿಯ ಬೋರ್ಡುಗಳು

ದೊಡ್ಡ ಬ್ಯಾಂಕುಗಳ ದರ ಇಳಿದಾಗಲೆಲ್ಲ ಪೇಟೆಯ ರಸ್ತೆಗಳಲ್ಲಿ ಶೇ 9, 10 ಎಂದು ಬರೆದ ಬೋರ್ಡುಗಳು ಹೆಚ್ಚು ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಚೆನ್ನಾಗಿ ನಡೆಯುವ ಸಂಸ್ಥೆಗಳೂ ಇವೆ. ಹಣ ಕೊಡುವ ಮೊದಲು ಒಂದು ಸಂಗತಿ ತಿಳಿದಿರಬೇಕು: ಆ ಠೇವಣಿಗೆ ವಿಮೆ ಇದೆಯೇ?

ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಠೇವಣಿ ವಿಮಾ ನಿಗಮವು ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ಅಸಲು, ಬಡ್ಡಿ ಎಲ್ಲ ಸೇರಿ ಐದು ಲಕ್ಷ ರೂಪಾಯಿವರೆಗೆ ಭದ್ರತೆ ಕೊಡುತ್ತದೆ. 2020ರ ಫೆಬ್ರುವರಿಗೆ ಮೊದಲು ಇದು ಒಂದೇ ಲಕ್ಷ ಇತ್ತು. ಸರ್ಕಾರಿ, ಖಾಸಗಿ, ಗ್ರಾಮೀಣ, ಕಿರು ಹಣಕಾಸು ಬ್ಯಾಂಕುಗಳು, ಪಟ್ಟಣ ಸಹಕಾರಿ ಬ್ಯಾಂಕುಗಳು, ಜಿಲ್ಲಾ ಕೇಂದ್ರ ಸಹಕಾರಿ (ಡಿಸಿಸಿ) ಬ್ಯಾಂಕುಗಳು ಇದರ ವ್ಯಾಪ್ತಿಯಲ್ಲಿವೆ. ಊರಿನ ವ್ಯವಸಾಯ ಸೇವಾ ಸಹಕಾರ ಸಂಘ (ವಿಎಸ್‌ಎಸ್‌ಎನ್), ಪತ್ತಿನ ಸಹಕಾರ ಸಂಘ, 1997ರ ಕಾಯ್ದೆಯಡಿ ನೋಂದಾಯಿತ ಸೌಹಾರ್ದ ಪತ್ತಿನ ಸಹಕಾರಿಗಳು ವ್ಯಾಪ್ತಿಯಲ್ಲಿಲ್ಲ. ಕಂಪನಿ ಠೇವಣಿಗಳೂ ಇಲ್ಲ. ಒಳಗೆ ಕೌಂಟರು, ಪಾಸ್‌ಬುಕ್, ಪಿಗ್ಮಿ ಏಜೆಂಟರು ಎಲ್ಲವೂ ಬ್ಯಾಂಕಿನಂತೆಯೇ ಇರುವುದರಿಂದ ಈ ಅಂತರ ಮೇಲ್ನೋಟಕ್ಕೆ ತಿಳಿಯುವುದಿಲ್ಲ. ರಿಸರ್ವ್ ಬ್ಯಾಂಕಿನ ಪರವಾನಗಿ ಮತ್ತು ಠೇವಣಿ ವಿಮೆಯ ಫಲಕ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ವಿಮೆ ಇದ್ದರೂ ಹಣ ಸಿಕ್ಕಿಹಾಕಿಕೊಳ್ಳುವ ಕಾಲ ಬರಬಹುದು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು ತೆಗೆಯಬಹುದಾದ ಮೊತ್ತ ಮೊದಲಿಗೆ 35,000 ರೂಪಾಯಿಗೆ ಸೀಮಿತವಾಗಿತ್ತು. 2021ರ ತಿದ್ದುಪಡಿಯ ನಂತರ ಇಂಥ ನಿರ್ಬಂಧ ಬಿದ್ದ 90 ದಿನಗಳೊಳಗೆ ವಿಮೆಯ ಹಣ ಕೊಡಬೇಕೆಂಬ ನಿಯಮ ಬಂದಿದೆ.

ಹಳಬರು ಗಮನಿಸಬೇಕಾದ ಇನ್ನೊಂದು ವಿಷಯ: ಐದು ಲಕ್ಷದ ಮಿತಿ ಬ್ಯಾಂಕಿಗೆ, ಶಾಖೆಗಲ್ಲ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಕೆನರಾದೊಂದಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಂದಿಗೆ, ಅದಕ್ಕೂ ಒಂದು ವರ್ಷ ಮೊದಲು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಂದಿಗೆ ಸೇರಿದವು. ನಮ್ಮ ಕಡೆಯ ಹಳೆಯ ಗ್ರಾಮೀಣ ಬ್ಯಾಂಕುಗಳೆಲ್ಲ ಈಗ ಕರ್ನಾಟಕ ಗ್ರಾಮೀಣ ಬ್ಯಾಂಕ್. ಸಿಂಡಿಕೇಟಿನಲ್ಲಿ ಐದು, ಕೆನರಾದಲ್ಲಿ ಐದು ಎಂದು ಹಂಚಿಟ್ಟಿದ್ದವರ ಹತ್ತು ಲಕ್ಷ ಇಂದು ಒಂದೇ ಬ್ಯಾಂಕಿನ ಲೆಕ್ಕಕ್ಕೆ ಬಂದಿದೆ.

ಸಾಲ ತೀರಿಸಿದರೆ ಎಷ್ಟು ಲಾಭ?

ಶೇ 6.5ಕ್ಕೆ ಠೇವಣಿ ಇಟ್ಟುಕೊಂಡು, ಇನ್ನೊಂದು ಕಡೆ ಶೇ 12ಕ್ಕೆ ಒಡವೆ ಗಿರವಿ ಇಟ್ಟಿರುವ ಮನೆಗಳು ಕಡಿಮೆಯೇನಿಲ್ಲ. ಆ ಸಾಲ ತೀರಿಸಿದರೆ ಶೇ 12 ಉಳಿಯುತ್ತದೆ, ಅದಕ್ಕೆ ತೆರಿಗೆಯೂ ಇಲ್ಲ. ಯಾವ ಬ್ಯಾಂಕೂ ಅಷ್ಟು ಬಡ್ಡಿಯನ್ನು ಖಾತರಿಯಾಗಿ ಕೊಡುವುದಿಲ್ಲ.

ಆದರೆ ಎಲ್ಲ ಸಾಲವನ್ನೂ ಆತುರಪಟ್ಟು ತೀರಿಸುವುದು ಜಾಣತನವಲ್ಲ. ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ರೈತರಿಗೆ ಸಿಗುವ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿಯೇ ಇಲ್ಲ. 2023–24ರ ಬಜೆಟ್‌ನಲ್ಲಿ ಅದರ ಮಿತಿಯನ್ನು ಮೂರರಿಂದ ಐದು ಲಕ್ಷಕ್ಕೆ ಏರಿಸಲಾಯಿತು. ಇದನ್ನು ಗಡುವಿನ ದಿನಕ್ಕೆ ಸರಿಯಾಗಿ ಕಟ್ಟಿದರೆ ಸಾಕು, ಅಲ್ಲಿಯವರೆಗೆ ನಿಮ್ಮ ಹಣ ಠೇವಣಿಯಲ್ಲೇ ಇರಲಿ. ಗಡುವು ದಾಟಿದರೆ ಬಡ್ಡಿ ರಿಯಾಯಿತಿ ಕೈತಪ್ಪುತ್ತದೆ. ಆದ್ದರಿಂದ ಒಂದು ಠೇವಣಿ ಆ ಗಡುವಿಗೆ ಒಂದು ವಾರ ಮುಂಚೆ ಮುಗಿಯುವಂತಿರಬೇಕು.

ಚಿನ್ನ, ಮ್ಯೂಚುವಲ್ ಫಂಡ್

ಚಿನ್ನಕ್ಕೆ ಬಡ್ಡಿ ಇಲ್ಲ. ಬೆಲೆ ಏರಿದರಷ್ಟೇ ಲಾಭ. ಒಡವೆಯಾದರೆ ಮಜೂರಿ ಮತ್ತು ಜಿಎಸ್‌ಟಿಯನ್ನು ಕೊಳ್ಳುವ ದಿನವೇ ಕಳೆದುಕೊಂಡಂತೆ. ಬಡ್ಡಿ ಕೊಡುತ್ತಿದ್ದ ಸರ್ಕಾರದ ಚಿನ್ನದ ಬಾಂಡ್‌ನ ಹೊಸ ಕಂತು 2024ರ ಫೆಬ್ರುವರಿಯ ನಂತರ ಬಂದಿಲ್ಲ. ಷೇರಿನ ಮ್ಯೂಚುವಲ್ ಫಂಡ್ ಐದಾರು ವರ್ಷ ಮುಟ್ಟದ ಹಣಕ್ಕೆ ಮಾತ್ರ ಹೊಂದುವಂಥದ್ದು. ಬರುವ ನವೆಂಬರ್‌ನ ಕೂಲಿಯ ಹಣವನ್ನು ಅಲ್ಲಿ ಹಾಕಿದರೆ, ಪೇಟೆ ಬಿದ್ದ ತಿಂಗಳಲ್ಲೇ ಮಾರಬೇಕಾದೀತು. ಸಾಲಪತ್ರಗಳಲ್ಲಿ ಹಣ ತೊಡಗಿಸುವ ಫಂಡ್‌ಗಳಿಗೆ ಮೊದಲಿದ್ದ ತೆರಿಗೆ ಅನುಕೂಲ 2023ರ ಏಪ್ರಿಲ್ 1ರ ನಂತರದ ಹೂಡಿಕೆಗಳಿಗೆ ಇಲ್ಲ.

ತೆರಿಗೆ: ಕಾಫಿ ಬೇರೆ, ಬಡ್ಡಿ ಬೇರೆ

"ನಮ್ಮದು ಕೃಷಿ ಆದಾಯ, ತೆರಿಗೆ ಬರುವುದಿಲ್ಲ" ಎಂಬ ಮಾತು ಬೆಳೆ ಮಾರಿದ ಹಣಕ್ಕೆ ಸಾಮಾನ್ಯವಾಗಿ ಸರಿ. ಅದೇ ಹಣ ಬ್ಯಾಂಕಿನಲ್ಲಿ ಕುಳಿತು ತಂದ ಬಡ್ಡಿ ಕೃಷಿ ಆದಾಯವಲ್ಲ. 2025ರ ಏಪ್ರಿಲ್‌ನಿಂದ, ಒಂದು ಬ್ಯಾಂಕಿನ ಠೇವಣಿ ಬಡ್ಡಿ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಬ್ಯಾಂಕು ಶೇ 10ರಷ್ಟು ತೆರಿಗೆಯನ್ನು ಮೂಲದಲ್ಲೇ ಹಿಡಿಯುತ್ತದೆ. ಅರವತ್ತು ದಾಟಿದವರಿಗೆ ಈ ಮಿತಿ ಒಂದು ಲಕ್ಷ. ಪ್ಯಾನ್ ಕೊಡದಿದ್ದರೆ ಕಡಿತ ಶೇ 20.

ಒಟ್ಟು ಆದಾಯಕ್ಕೆ ತೆರಿಗೆಯೇ ಬರದವರು ವರ್ಷದ ಆರಂಭದಲ್ಲೇ ಸ್ವಯಂ ಘೋಷಣೆಯ ಫಾರಂ ಕೊಡಬೇಕು. 15ಜಿ, ಹಿರಿಯರಾದರೆ 15ಎಚ್ ಎಂದು ಬ್ಯಾಂಕಿನವರು ಕೇಳಿಕೊಂಡು ಬಂದಿರುವುದು ಇದನ್ನೇ. ಕೊಡಲು ಮರೆತು ಕಡಿತವಾಗಿದ್ದರೆ ಹಣ ಹೋಯಿತೆಂದುಕೊಳ್ಳಬೇಕಿಲ್ಲ, ಆದಾಯ ತೆರಿಗೆ ವಿವರ ಸಲ್ಲಿಸಿ ವಾಪಸು ಪಡೆಯಬಹುದು. ಹೆಚ್ಚಿನ ತೆರಿಗೆ ಹಂತದಲ್ಲಿರುವವರಿಗೆ ಬ್ಯಾಂಕು ಹಿಡಿದ ಶೇ 10 ಸಾಲದು. ಉಳಿದದ್ದನ್ನು ತಾವೇ ಕಟ್ಟಬೇಕು. ಶೇ 30ರ ಹಂತದವರಿಗೆ ಶೇ 6.5ರ ಠೇವಣಿಯಲ್ಲಿ ಕೊನೆಗೆ ಕೈಗೆ ಉಳಿಯುವುದು ಶೇ 4.5ರಷ್ಟು. ಅಂಥವರಿಗೆ ಬಡ್ಡಿಗೆ ತೆರಿಗೆಯೇ ಇಲ್ಲದ ಪಿಪಿಎಫ್‌ನ ಶೇ 7.1, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ ಮತ್ತು ಹದಿನೈದು ವರ್ಷದ ಅವಧಿಯ ಹೊರತಾಗಿಯೂ, ಮೊದಲು ತುಂಬಿಸಬೇಕಾದ ಖಾತೆ.